ಮೈಕಿನಲ್ಲಿ ಧಣಿಯ ದನಿ

ಯಾರೇ ಮಾತಾಡಿದರೂ ದೇಣಿಗೆ ಕೊಟ್ಟವರ ದನಿಯಲ್ಲೇ ಕೇಳಿಸುವ ಮೈಕು ಚುನಾವಣೆಗೆ ಬಂದು ವರ್ಷಗಳೇ ಆಗಿದ್ದವು. ಜಿಲ್ಲಾ ಪಂಚಾಯ್ತಿಗೆ ನಿಂತಿದ್ದ ನೀಲವ್ವ ಯಾರಿಂದಲೂ ಕಾಸು ಪಡೆಯದೆ, ಸ್ವಂತ ದನಿಯಲ್ಲೇ ವಾರವಿಡೀ ಊರೂರು ಸುತ್ತಿದ್ದಳು. ಕ್ವಾರಿಯ ಸ್ಫೋಟಕ್ಕೆ ಮನೆಗೋಡೆ ಬಿರಿದವರೂ ಬೀಡಿ ಸೇದುತ್ತ ಹರಟಿದರೇ ಹೊರತು ಅವಳ ಮಾತು ಕೇಳಲಿಲ್ಲ.

ಇವತ್ತು ವೇದಿಕೆ ಹತ್ತಿ "ನಮಸ್ಕಾರ" ಎಂದಾಗ ಮೈಕಿನಿಂದ ಬಂದದ್ದು ಕ್ವಾರಿ ಧಣಿ ಸಂಗನಗೌಡರ ಗೊಗ್ಗರು ದನಿ. ಪಕ್ಕದಲ್ಲಿದ್ದ ಗಂಡ ಈರಪ್ಪ ಮುಖ ತಿರುಗಿಸಿದ.

"ಗೌಡರ ರೊಕ್ಕ ಯಾವಾಗ ಇಸ್ಕೊಂಡ್ರಿ?" ಮೈಕಿಗೆ ಅಂಗೈ ಮುಚ್ಚಿ ಕೇಳಿದಳು.

"ಜೀಪಿಗೆ ಡೀಸೆಲ್ ನಿಮ್ಮಪ್ಪ ಹಾಕಸ್ತಾನೇನು?"

ಬೈಯಲು ಬಾಯಿ ತೆರೆದವಳ ಕಣ್ಣು ಜನರ ಕಡೆ ಹೋಯಿತು. ಕ್ವಾರಿ ಕೂಲಿಗಳೆಲ್ಲ ಎದ್ದು ನಿಂತಿದ್ದರು. ಹೆಗಲ ಟವೆಲ್ಲು ಕಂಕುಳಿಗೆ ಇಳಿದಿತ್ತು, ಬೀಡಿಗಳು ಬೆನ್ನ ಹಿಂದೆ ಹೋಗಿದ್ದವು. ಮಾತು ನೀಲವ್ವನದೆಂದು ಎಲ್ಲರಿಗೂ ಗೊತ್ತಿತ್ತು, ಆದರೆ ರೂಢಿಬಿದ್ದ ಮೈ ಕೇಳಲಿಲ್ಲ.

ಅವಳು ಮೈಕನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡಳು.

"ನಾಳಿಂದ ಕಲ್ಲು ಸಿಡಸೋದು ಬಂದ್. ಯಾರೂ ಮದ್ದು ಮುಟ್ಟಬ್ಯಾಡ್ರಿ," ಎಂದಿತು ಸಂಗನಗೌಡರ ದನಿ.

"ಆತ್ರೀ ಧಣಿ," ಎಂದರು ಮುಂದಿನ ಸಾಲಿನವರು, ತಲೆ ತಗ್ಗಿಸಿ.