ದಾಡಿಯ ಕನ್ನಡಿ

ತಪ್ಪು ಕನ್ನಡಿಯದೋ, ಲೆನ್ಸಿನದೋ, ಇಲ್ಲಾ ತನ್ನ ಕೈಯದೇ? ಶಿದ್ದಪ್ಪ ಮತ್ತೊಮ್ಮೆ ಮೈಕ್ರೋಸ್ಕೋಪಿನ ಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ. ಉಳ್ಳಾಗಡ್ಡಿಯ ಪೊರೆ ಸ್ವಚ್ಛವಾಗಿ ಕಂಡಿತು, ಗೌಂಡಿ ಇಟ್ಟಿಗೆ ಹಚ್ಚಿದಂತೆ ಸಾಲು ಸಾಲು ಕೋಣೆಗಳು. ಅವನು ಸರಿದು ನಿಂತ. ಸೊಸೆ ವಿದ್ಯಾ ಬಂದು ಬಗ್ಗಿದಳು.

"ಕತ್ತಲಿ ಐತ್ರಿ ಮಾವಾರ. ಏನೂ ಕಾಣವಲ್ದು."

ನಿನ್ನೆಯೂ ಅದೇ ಮಾತು, ಮೊನ್ನೆಯೂ ಅದೇ. ತೊಂಬತ್ತೈದನೆಯ ಇಸವಿಯಲ್ಲಿ ನಿವೃತ್ತನಾಗುವವರೆಗೂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದ ಕೈ ಅದು. ಇಷ್ಟು ಸಣ್ಣ ಕೆಲಸಕ್ಕೆ ಸೋತದ್ದಿಲ್ಲ. ವಿದ್ಯಾ ಧಾರವಾಡದಲ್ಲಿ ಬಿ.ಎಸ್ಸಿ.ಯ ಕೊನೆಯ ವರ್ಷ ಬಿಟ್ಟು, ಮದುವೆಯಾಗಿ ಹುಬ್ಬಳ್ಳಿಯ ಈ ಮನೆಗೆ ಬಂದವಳು. ಒಂದು ದಿನ ಅಡುಗೆಮನೆಯ ಕಿಟಕಿಗೆ ಉಳ್ಳಾಗಡ್ಡಿಯ ಪೊರೆ ಹಿಡಿದು ಒಬ್ಬಳೇ ನಿಂತಿದ್ದಳು. ಏನೆಂದು ಅವನು ಕೇಳಿದ್ದಕ್ಕೆ, ಕಾಲೇಜಿನಲ್ಲಿ ಇದನ್ನೇ ಮೈಕ್ರೋಸ್ಕೋಪಿನಡಿ ಇಟ್ಟು ನೋಡುತ್ತಿದ್ದೆವು ಎಂದಷ್ಟೇ ಹೇಳಿ, ಪೊರೆಯನ್ನು ಹೆಚ್ಚಿದ ಚೂರುಗಳೊಳಗೆ ಸೇರಿಸಿಬಿಟ್ಟಿದ್ದಳು.

ಹೊಸ ಮೈಕ್ರೋಸ್ಕೋಪಿನ ಬೆಲೆ ಕೇಳಿ ಶಿದ್ದಪ್ಪ ಅಂಗಡಿಯ ಮೆಟ್ಟಿಲಿಳಿದಿದ್ದ. ಆಮೇಲೆ ಗುಜರಿ ಅಂಗಡಿಯ ಗುಲಾಬಸಾಬನ ರಾಶಿಯಲ್ಲಿ ಯಾರೋ ಎಸೆದ ಹಳೆಯದೊಂದು ಸಿಕ್ಕಿತು. ಮೇಲಿನ ಲೆನ್ಸ್ ಇರಲಿಲ್ಲ, ಬೆಳಕು ಹಿಡಿಯುವ ಕೆಳಗಿನ ಕನ್ನಡಿಯೂ ಇರಲಿಲ್ಲ. ಒಡೆದ ದುರ್ಬೀನಿನ ಲೆನ್ಸ್ ಕೂಡಿಸಿದ. ತನ್ನ ದಾಡಿಯ ಕನ್ನಡಿಯನ್ನು ದುಂಡಗೆ ಕತ್ತರಿಸಿ ಕೆಳಗೆ ಹಚ್ಚಿದ. ಇನ್ನು ಮೇಲೆ ಕೊಡದ ನೀರಾಗ ಮಾರಿ ನೋಡ್ಕೊಂಡು ದಾಡಿ ಮಾಡ್ಕೋತೀರೇನು ಎಂದು ಹೆಂಡತಿ ರುಕ್ಮವ್ವ ಚುಚ್ಚಿದ್ದಳು.

"ಇರ್ಲಿ ಬಿಡ್ರಿ ಮಾವಾರ," ವಿದ್ಯಾ ಮೆಲ್ಲಗೆ ಎಂದಳು. "ನೋಡೂದು ನನ್ನ ಕಣ್ಣಿಗೇ ಮರ್ತಿರಬೇಕು."

ಆ ಮಾತು ಅವನಿಗೆ ನಾಟಿತು. ಈಗ ಬಿಟ್ಟು ಹೋದರೆ ಇವಳು ಮತ್ತೆ ಇದರ ಮುಂದೆ ಬಗ್ಗುವವಳಲ್ಲ. ಇನ್ನೊಂದು ಸಲ ನೋಡು ಎಂದು ಹೇಳಿ, ಈ ಸಲ ಅವಳನ್ನೇ ಗಮನಿಸುತ್ತ ನಿಂತ. ಅವಳು ಬಗ್ಗಿದಳು. ತಲೆಯ ಮೇಲಿನ ಸೆರಗು ಹಣೆ ದಾಟಿ ಮುಂದಕ್ಕೆ ಜಾರಿ, ಕಿಟಕಿಗೂ ಕನ್ನಡಿಗೂ ನಡುವೆ ಪರದೆಯಂತೆ ಇಳಿಯಿತು. ಕನ್ನಡಿ ಕಪ್ಪಾಯಿತು.

ಮಾವನ ಎದುರು ಸೊಸೆಯ ತಲೆಯ ಸೆರಗು ಸರಿಯಬಾರದು. ರುಕ್ಮವ್ವ ಈ ಮನೆಯಲ್ಲಿ ಹಾಗೆಯೇ ಬಾಳಿದವಳು. ಸರಿಸು ಎನ್ನುವುದು ಮಾವನ ಬಾಯಿಂದ ಬರುವ ಮಾತಲ್ಲ. ಅತ್ತೆಯಿಂದ ಹೇಳಿಸಲು ಹೋದರೆ ಈ ಯಂತ್ರ ಅಟ್ಟ ಸೇರುತ್ತದೆ. ಶಿದ್ದಪ್ಪ ಕನ್ನಡಿಯ ಸ್ಕ್ರೂ ಒಂದಿಷ್ಟು ಸಡಿಲಿಸಿದ, ಮತ್ತೆ ಅಷ್ಟೇ ಬಿಗಿದ.

"ಕನ್ನಡಿ ಸೊಟ್ಟ ಇತ್ತವಾ, ಈಗ ಛಲೋ ಆತು. ನಾ ಹೊರಗ ಕಟ್ಟಿ ಮ್ಯಾಲ ಪೇಪರ್ ಓದ್ತಿರ್ತೇನಿ. ಯಾರೂ ಒಳಗ ಬರೂದಿಲ್ಲ. ಸಾವಕಾಶ ನೋಡು."

ಬಾಗಿಲು ಎಳೆದುಕೊಂಡು ಹೊರಬಂದು, ಕಿಟಕಿಗೆ ಬೆನ್ನು ಹಾಕಿ ಕೂತ. ಓದಿದ ಸಾಲನ್ನೇ ಮತ್ತೆ ಮತ್ತೆ ಓದಿದ. ಒಳಗೆ ಬಳೆಗಳ ಸಣ್ಣ ಸದ್ದಾಯಿತು.

"ಕಂಡ್ತರೀ ಮಾವಾರ." ವಿದ್ಯಾ ಒಳಗಿನಿಂದಲೇ ಕೂಗಿದಳು. "ಎಲ್ಲಾ ಮೊದಲಿನಂಗ ಅದಾವ್ರಿ."

ಶಿದ್ದಪ್ಪ ತಿರುಗದೆ ಹೂಂ ಎಂದ.

ಅಂದಿನಿಂದ ಅವಳು ಗೋಡೆಯ ಪಾಚಿ, ನೊಣದ ರೆಕ್ಕೆ, ಜೋಳದ ಹಿಟ್ಟು ಏನೇನೋ ತಂದಿಟ್ಟು ನೋಡುವ ಹೊತ್ತಿಗೆ ಅವನು ಕಟ್ಟೆ ಹಿಡಿಯುತ್ತಿದ್ದ. ಒಳಗೆ ಹೆಜ್ಜೆ ಇಡುವ ಮೊದಲು ಬಾಗಿಲಲ್ಲೇ ನಿಂತು, ಅವಳು ಸೆರಗು ಹೊದೆಯುವಷ್ಟು ಹೊತ್ತು, ಜೋರಾಗಿ ಕೆಮ್ಮುತ್ತಿದ್ದ.

ಗಂಡನಿಗೆ ಎದೆ ಕಟ್ಟಿದೆಯೆಂದು ರುಕ್ಮವ್ವ ಆಡುಸೋಗೆಯ ಕಷಾಯ ಕುದಿಸತೊಡಗಿದಳು. ಆ ಕಹಿಗೆ ಮುಖ ಕಿವುಚುತ್ತ ಅವನು ದಿನವೂ ಲೋಟ ಬರಿದು ಮಾಡಿದ. ತನಗೆ ಕೆಮ್ಮಿಲ್ಲವೆಂದು ಎಂದೂ ಹೇಳಲಿಲ್ಲ.