ಅಪ್ಪಟ ಕಪ್ಪು

"ಸಾರ್, ಈ ಓಎಲ್‌ಇಡಿ ಟಿವಿಯ ಜೀವವೇ ಅದರ ಪರದೆಯ ಕಪ್ಪು ಬಣ್ಣ. ಹಾಲ್‌ನಲ್ಲಿ ಬೆಳಕು ಜಾಸ್ತಿ ಇದ್ರೆ ತಗೊಂಡೂ ದಂಡ," ಎಂದಿದ್ದ ಅಂಗಡಿಯವನು.

ವಾಮನಮೂರ್ತಿ ಅಷ್ಟಕ್ಕೆಲ್ಲ ಹಿಂದೆ ಸರಿಯುವ ಆಸಾಮಿಯಲ್ಲ. ಹಾಲ್‌ನ ಕಿಟಕಿಗೆ ಇಟ್ಟಿಗೆ ಕಟ್ಟಿಸಿದ, ಟ್ಯೂಬ್‌ಲೈಟ್ ಕೀಳಿಸಿದ, ದೇವರ ದೀಪವನ್ನೂ ಅಡುಗೆಮನೆಗೆ ಅಟ್ಟಿದ. ಹೆಂಡತಿ ಸೊಪ್ಪು ಬಿಡಿಸಲು ಹಿತ್ತಲಿನ ಮೆಟ್ಟಿಲಿಗೆ ಹೋಗಬೇಕಾಯಿತು.

ಟಿವಿ ಬರಬೇಕಿದ್ದ ದಿನ ಸಂಜೆ ಆಫೀಸಿನಿಂದ ಬಂದವನೇ ಕೇಳಿದ. "ಟಿವಿಯವ್ರು ಬಂದಿದ್ರಾ?"

"ಬಂದಿದ್ರು. ಗೋಡೆಗೆ ಡ್ರಿಲ್ ಹೊಡೆದು, ಧೂಳೆಬ್ಬಿಸಿ ಹೋದ್ರು. ಆ ಕತ್ತಲೆಗೆ ನಾನಂತೂ ಕಾಲಿಟ್ಟಿಲ್ಲ ಕಣ್ರೀ."

ಅವನಿಗೆ ತಡೆಯಲಾಗಲಿಲ್ಲ. ದೊಡ್ಡ ಟಿವಿ ಇಟ್ಟುಕೊಂಡು ಬೀದಿಗೆಲ್ಲ ಮೆರೆಯುತ್ತಿದ್ದ ಎದುರುಮನೆ ಗಂಗಾಧರಯ್ಯನನ್ನು ಕೈಹಿಡಿದು ಕರೆತಂದು, ಸೋಫಾದಲ್ಲಿ ಕೂರಿಸಿ, ಬಾಗಿಲು ಮುಚ್ಚಿದ.

"ಆನ್ ಮಾಡೋದು ಆಮೇಲೆ. ಮೊದ್ಲು ಆ ಕಪ್ಪು ನೋಡಿ."

ಗಂಗಾಧರಯ್ಯ ಕತ್ತು ಚಾಚಿ, ಕಣ್ಣು ಕಿರಿದು ಮಾಡಿ ಗೋಡೆಯತ್ತ ನೋಡಿದ. ಕೊನೆಗೆ ನಿಟ್ಟುಸಿರು ಬಿಟ್ಟ.

"ಸೋತೆ ಮೂರ್ತಿಗಳೇ. ನಮ್ಮ ಟಿವೀಲಿ ಇಂಥ ಕಪ್ಪು ಏಳು ಜನ್ಮಕ್ಕೂ ಬರಲ್ಲ."

ವಾಮನಮೂರ್ತಿಯ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಯಾರೋ ಹೊರಗಿನಿಂದ ಬಾಗಿಲು ಬಡಿದರು.

"ಸಾರ್, ಬೆಳಿಗ್ಗೆ ಗೋಡೆಗೆ ಬರೀ ಸ್ಟ್ಯಾಂಡ್ ಫಿಟ್ ಮಾಡಿದ್ವಿ. ಈಗ ಟಿವಿ ತಂದಿದೀವಿ, ಬಾಗ್ಲು ತೆಗೀರಿ."