ಮಲಕವ್ವನ ಫೋನಿನ ಬೀಗ

ಪಿಎಸ್‌ಐ ವಿಶ್ವಾಸ ಮಲಕವ್ವನ ಹೆಬ್ಬೆರಳನ್ನು ಮತ್ತೊಮ್ಮೆ ಫೋನಿಗೆ ಒತ್ತಿಸಿದರು. ತಂಬಾಕು ಆರಿಸಿ ಆರಿಸಿ ಬೆರಳಿನ ಗೆರೆಗಳು ಸವೆದಿದ್ದವು. ಫೋನು ಗುರುತಿಸಲಿಲ್ಲ. ಪಾಸ್‌ವರ್ಡ್ ಕೇಳಿತು.

ನಿಪ್ಪಾಣಿ ಸೀಮೆಯ ಒಂದು ತಂಬಾಕು ಗೋದಾಮಿನ ಮಾಲಕ ಹೆಣ್ಣಾಳುಗಳ ಮೈಮುಟ್ಟುತ್ತಾನೆಂದು ಬೆಂಗಳೂರಿಗೆ ದೂರು ಹೋಗಿತ್ತು. ದೂರಿನಲ್ಲಿ ಹೆಸರುಗಳಿರಲಿಲ್ಲ. ಯಾರ್ಯಾರು ಬಾಯಿಬಿಟ್ಟಿದ್ದಾರೆಂಬುದು ಅಲ್ಲೇ ದುಡಿಯುವ ಮಲಕವ್ವನ ಫೋನಿನೊಳಗಿತ್ತು. ಆ ಹೆಸರುಗಳು ಮಾಲಕನಿಗೆ ಸಿಕ್ಕರೆ ಅಷ್ಟೂ ಹೆಂಗಸರ ಬಾಳು ಮೂರಾಬಟ್ಟೆ. ಬೆಳಿಗ್ಗೆಯಿಂದ ಅವನು ಅವುಗಳಿಗಾಗಿ ಠಾಣೆಗೆ ಫೋನು ಮಾಡುತ್ತಲೇ ಇದ್ದ.

"ಸರ್, ಕೋರ್ಟಿನ ಆದೇಶ ಇಲ್ದನ..." ಎಂದಳು ಪೇದೆ ಉಜ್ವಲಾ, ಮೆಲ್ಲಗೆ.

"ಅದು ಬರೂತನಕ ಕಾಯ್ಕೋತ ಕುಂಡ್ರೂಣೇನ? ಸರಕಾರಕ್ಕ ಮುಚ್ಚಿಡೂವಂಥಾದ್ದು ಇವರದೇನೈತಿ?"

ಬೆಂಚಿನ ಮೇಲಿದ್ದ ಮಲಕವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳಿಗೆ ಸಾಕುಸಾಕಾಗಿತ್ತು.

"ನಮ್ಮ ಮನಿಯವರ ಹೆಸರೈತ್ರಿ ಪಾಸ್‌ವರ್ಡು."

ಇಷ್ಟು ಸಲೀಸಾಗಿ ಒಪ್ಪಿಬಿಟ್ಟಳಲ್ಲ ಎಂದು ಉಜ್ವಲಾಗೆ ಸಂಕಟವಾಯಿತು.

"ಏನ ಹೆಸರು? ಹೇಳ."

"ಗಂಡನ ಹೆಸರ ನಾ ಹೆಂಗ ಹೇಳ್ಲಿರಿ?"

"ಬರದ ಕೊಡ."

"ಬರದ್ರೂ ಹೇಳಿದಂಗ ಆಗತೈತಲ್ರಿ."

ವಿಶ್ವಾಸರಿಗೆ ಸಿಟ್ಟು ಬರಲಿಲ್ಲ. ಅವರ ತಾಯಿಯೂ ಹಾಗೇ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಮಗನನ್ನು ಮುಂದೆ ತಳ್ಳುತ್ತಿದ್ದಳು. ಫೋನನ್ನು ಇವಳ ಕೈಗೆ ಕೊಡುವಂತಿಲ್ಲ, ಅಳಿಸಿಬಿಟ್ಟರೆ? ಅವಳ ಆಧಾರ್ ಕಾರ್ಡು ನೋಡಿ ತಾವೇ ಒತ್ತಿದರು. ಮಾಳಸಿದ್ದ. ತಪ್ಪು.

"ಅದಲ್ರಿ. ಊರಾಗ ಬ್ಯಾರೆ ಕರೀತಾರ."

ಕುರಿಯ ಹಿಂದೆ ಹೋದ ಗಂಡ ಫೋನಿಗೆ ಸಿಗಲಿಲ್ಲ. ಅವಳ ಊರು ಬೇಡಕಿಹಾಳದ ನೆರೆಯವರನ್ನು ಕೇಳಿದರು. ಮಾಳಪ್ಪ. ತಪ್ಪು. ಮಾಳು. ತಪ್ಪು. ಫೋನು ಸ್ವಲ್ಪ ಹೊತ್ತು ಕಾಯಲು ಹೇಳಿತು. ಕಾದರು. ಮತ್ತೊಂದು ಹಾಕಿದರು. ಇನ್ನೂ ಹೆಚ್ಚು ಹೊತ್ತು ಕಾಯಲು ಹೇಳಿತು. ಚಹಾ ಬಂತು, ಆರಿತು.

"ಸಣ್ಣವರಿದ್ದಾಗ ಅವರವ್ವ ಮುದ್ದಿಲೆ ಏನೋ ಅಂತಿದ್ರಂತ್ರಿ," ಎಂದಳು ಮಲಕವ್ವ, ಸೆರಗು ಬಾಯಿಗೆ ಅಡ್ಡ ಹಿಡಿದು. ಅದನ್ನೂ ವಿಚಾರಿಸಿ ಹಾಕಿದರು.

ಸಂಜೆ ಹೊತ್ತಿಗೆ ಫೋನಿನ ತೆರೆ ಕಪ್ಪಾಯಿತು. ಆಮೇಲೆ, ಅಂಗಡಿಯಿಂದ ಈಗಷ್ಟೇ ತಂದದ್ದರ ಹಾಗೆ, ಯಾವ ಭಾಷೆ ಬೇಕೆಂದು ಕೇಳಿತು. ತಪ್ಪು ಪಾಸ್‌ವರ್ಡ್ ಬಹಳ ಸಲ ಒತ್ತಿದರೆ ಎಲ್ಲ ಅಳಿಸಿಹೋಗುವಂತೆ ಮೊದಲೇ ಮಾಡಿಟ್ಟಿತ್ತು. ಒಳಗೆ ಒಂದು ಹೆಸರೂ ಉಳಿಯಲಿಲ್ಲ.

ವಿಶ್ವಾಸ ತಲೆಯ ಮೇಲೆ ಕೈಹೊತ್ತು ಕೂತರು. "ಒಂದ ಹೆಸರ ಹೇಳಿದ್ರ ನಿನ್ನ ಗಂಟೇನ ಹೋಗತಿತ್ತ? ಎಂಥಾ ಕಾಲದಾಗ ಅದೀರಿ ನೀವು. ಹೋಗವಾ, ಮನಿಗೆ ಹೋಗ."

"ಆತ್ರಿ ಸಾಹೇಬ್ರ."

ಮಲಕವ್ವ ಖಾಲಿ ಫೋನನ್ನು ಸೆರಗಿಗೆ ಕಟ್ಟಿಕೊಂಡು ಕಾಲೆಳೆಯುತ್ತ ಗೇಟು ದಾಟಿದಳು. ಕುರಿ ದೊಡ್ಡಿಗೆ ಸೇರಿಸಿ ಆಗಷ್ಟೇ ಬಂದ ಗಂಡ ಬೇವಿನ ಮರದಡಿ ಬೈಕಿನಿಂದ ಇಳಿಯುತ್ತಿದ್ದ. ಮದುವೆಯಾದಾಗಿನಿಂದ ಕರೆಯುವ ಹಾಗೆಯೇ ಅವಳು ಕರೆದಳು.

"ಇಳೀಬ್ಯಾಡೋ ಮಾಳಸಿದ್ದಾ, ಗಾಡಿ ತಿರಗಸ."